ಒಣ ಹರಳಿನಲ್ಲಿ ಅಡಗಿರುವ ನೀರು

ಮಲೆನಾಡು ಹಾಗೂ ಕರಾವಳಿಯ ಅಡಿಕೆ ತೋಟಗಳೊಡನೆ ನಂಟುಳ್ಳ ಕುಟುಂಬಗಳಿಗೆ ಮೈಲುತುತ್ತ ಹೊಸ ವಸ್ತುವಲ್ಲ. ಕೊಳೆರೋಗವನ್ನು ತಡೆಯಲು ಗೊನೆಗಳಿಗೆ ಸಿಂಪಡಿಸುವ ಬೋರ್ಡೋ ದ್ರಾವಣ ಸಿದ್ಧವಾಗುವುದು ಈ ನೀಲಿ ಹರಳಿನಿಂದಲೇ. ಮಹಾನಗರಗಳಲ್ಲಿ ಬೆಳೆದ ನಮ್ಮ ಮಕ್ಕಳು ಇದನ್ನು ವಿಜ್ಞಾನದ ತರಗತಿಯಲ್ಲಿ ಕಾಪರ್ ಸಲ್ಫೇಟ್ ಎಂಬ ಹೆಸರಿನಿಂದ ಕಾಣುತ್ತಾರೆ. ಮುಟ್ಟಿದರೆ ಪೂರ್ತಿ ಒಣಗಿದಂತಿರುವ ಈ ಹರಳಿನ ತೂಕದಲ್ಲಿ ಮೂರನೆಯ ಒಂದು ಪಾಲಿಗಿಂತಲೂ ಹೆಚ್ಚು ಬರಿಯ ನೀರೇ ಇದೆ ಎಂದರೆ ಅಚ್ಚರಿಯಾಗಬಹುದು.

ಇದು ಹರಳಿಗೆ ಹೊರಗಿನಿಂದ ಅಂಟಿದ ತೇವವಲ್ಲ. ದ್ರಾವಣದಿಂದ ಹರಳು ರೂಪುಗೊಳ್ಳುವಾಗಲೇ ಗೊತ್ತಾದ ಪ್ರಮಾಣದಲ್ಲಿ ಅದರ ರಚನೆಯೊಳಗೆ ಸೇರಿಕೊಂಡ ನೀರು. ಇದನ್ನು ಸ್ಫಟಿಕ ಜಲವೆಂದು ಕರೆಯುತ್ತೇವೆ. ಹರಳಿನ ನೀಲಿ ಬಣ್ಣಕ್ಕೂ ಈ ನೀರೇ ಆಧಾರ. ಕಾಯಿಸಿದಾಗ ನೀರು ಆವಿಯಾಗಿ ಹೊರಟು ಬಿಳಿಯ ಪುಡಿ ಉಳಿಯುತ್ತದೆ. ತಣಿದ ಪುಡಿಗೆ ಕೆಲವು ಹನಿ ನೀರು ಹಾಕಿದರೆ ಅದು ಬಿಸಿಯೇರಿ ಮತ್ತೆ ನೀಲಿಯಾಗುತ್ತದೆ.

ಈ ನೀರಿನ ಪ್ರಮಾಣವನ್ನು ತಿಳಿಯುವ ವಿಧಾನ ಸರಳವಾದುದು. ಮೊದಲು ಬರಿಯ ಪಿಂಗಾಣಿ ಮೂಸೆಯನ್ನು ಕಾಯಿಸಿ, ತಣಿಸಿ ತೂಗಬೇಕು. ಪುಡಿಮಾಡಿದ ಹರಳನ್ನು ಅದರಲ್ಲಿ ಹಾಕಿ ಪುನಃ ತೂಗಬೇಕು. ಬಳಿಕ ಸಣ್ಣ ಉರಿಯಲ್ಲಿ ನಿಧಾನವಾಗಿ ಕಾಯಿಸಿ, ತೇವವಿಲ್ಲದ ಮುಚ್ಚಿದ ಪಾತ್ರೆಯಲ್ಲಿ ತಣಿಸಿ ತೂಕ ನೋಡಬೇಕು. ಬಯಲಲ್ಲಿ ತಣಿಸಿದರೆ ಪುಡಿಯು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಎರಡು ಸಲ ಒಂದೇ ತೂಕ ಬರುವವರೆಗೆ ಕಾಯಿಸಿ ತೂಗುವುದೇ ಈ ಪ್ರಯೋಗದ ಜೀವಾಳ.

ಒಂದು ಲೆಕ್ಕವನ್ನು ನೋಡೋಣ. 2.50 ಗ್ರಾಂ ಹರಳು ಕಾದ ಮೇಲೆ 1.60 ಗ್ರಾಂ ಉಳಿಯಿತೆನ್ನಿ. ಹೋದ ನೀರು 0.90 ಗ್ರಾಂ, ಅಂದರೆ ನೂರಕ್ಕೆ 36. ನೀರಿನ ಅಣುತೂಕ 18ರಿಂದ 0.90ನ್ನು ಭಾಗಿಸಿದರೆ 0.05. ನೀರಿಲ್ಲದ ಲವಣದ ಅಣುತೂಕ 159.6ರಿಂದ 1.60ನ್ನು ಭಾಗಿಸಿದರೆ ಸುಮಾರು 0.01. ಹೀಗೆ ಲವಣದ ಒಂದು ಪಾಲಿಗೆ ನೀರಿನ ಐದು ಪಾಲು ಎಂದು ಸಿದ್ಧವಾಗುತ್ತದೆ.

ಅವಸರ ಮಾಡಿದರೆ ಈ ಐದು ಸಿಗುವುದಿಲ್ಲ. ನಾಲ್ಕು ಪಾಲು ನೀರು ಸುಮಾರು 110 ಡಿಗ್ರಿ ಸೆಲ್ಸಿಯಸ್ ವೇಳೆಗೆ ಹೊರಟುಹೋದರೂ ಕೊನೆಯ ಪಾಲು ಸುಮಾರು 200 ಡಿಗ್ರಿಯವರೆಗೆ ಬಿಡದೆ ಕುಳಿತಿರುತ್ತದೆ. ಅದು ಹೋಗುವ ಮುನ್ನವೇ ಉರಿ ಆರಿಸಿದರೆ ಉಳಿಯುವ ತೂಕ 1.78 ಗ್ರಾಂ, ಲೆಕ್ಕದಲ್ಲಿ ಐದರ ಬದಲು 3.6 ಬರುತ್ತದೆ. ಉರಿ ಮಿತಿಮೀರಿದರೆ ಲವಣವೇ ಒಡೆದು ಕಪ್ಪು ಆಕ್ಸೈಡ್ ಆಗತೊಡಗುತ್ತದೆ, ಹಾನಿಕರ ಅನಿಲ ಹೊರಬರುತ್ತದೆ. ಆಗ ಉತ್ತರ ಐದನ್ನು ದಾಟುತ್ತದೆ. ಪುಡಿ ಬೆಳ್ಳಗಾದುದನ್ನು ಮಾತ್ರ ನೋಡಿ ತೃಪ್ತರಾಗದೆ ತಕ್ಕಡಿಯ ಮಾತನ್ನು ಕೇಳಬೇಕೆನ್ನುವುದು ಇದಕ್ಕಾಗಿಯೇ.

ತೋಟದ ಲೆಕ್ಕಕ್ಕೂ ಇದು ಸಂಬಂಧಿಸಿದೆ. ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕಿಲೊ ಮೈಲುತುತ್ತ, 1 ಕಿಲೊ ಸುಣ್ಣ ಎನ್ನುವಾಗ ಹೇಳುವುದು ನೀರು ಸೇರಿದ ನೀಲಿ ಹರಳಿನ ತೂಕವನ್ನೇ. ಅದರಲ್ಲಿ ಸುಮಾರು 360 ಗ್ರಾಂ ನೀರು. ತಾಮ್ರ ಸುಮಾರು 255 ಗ್ರಾಂ ಮಾತ್ರ.

ಮೈಲುತುತ್ತ ವಿಷವಸ್ತುವಾದುದರಿಂದ ಈ ಪ್ರಯೋಗವನ್ನು ಅಡುಗೆಮನೆಯಲ್ಲಿ ಮಾಡಲಾಗದು; ಶಾಲೆಯ ಪ್ರಯೋಗಶಾಲೆಯಲ್ಲಿ ಅಧ್ಯಾಪಕರ ಎದುರಿನಲ್ಲೇ ಆಗಬೇಕು. ಆದರೆ ಪುಸ್ತಕದ ಕಾಪರ್ ಸಲ್ಫೇಟೇ ಅಜ್ಜನ ತೋಟದ ಮೈಲುತುತ್ತವೆಂದು ಮಕ್ಕಳಿಗೆ ತಿಳಿಸುವ ಕೆಲಸವನ್ನು ನಾವು ಮನೆಯಲ್ಲೇ ಮಾಡಬಹುದು. ಪರೀಕ್ಷೆಗಾಗಿ ಬಾಯಿಪಾಠ ಮಾಡಿದ ‘ಐದು’ ಎಂಬ ಅಂಕಿ ಆಗ ಅವರಿಗೆ ಅರ್ಥವಾದೀತು.