ಚಹದ ಗಿಡವೂ ನಮ್ಮ ಬಟ್ಟಲೂ



ಹೊಸಪೇಟೆಯಲ್ಲಾಗಲಿ ಕಂಪ್ಲಿಯಲ್ಲಾಗಲಿ ಬೆಳಗಾದೊಡನೆ ಒಲೆಯ ಮೇಲೆ ಚಹದ ನೀರು ಕುದಿಯದ ಮನೆ ಅಪರೂಪ. ಆದರೆ ಅದರ ಗಿಡವನ್ನು ಕಣ್ಣಾರೆ ಕಂಡವರು ನಮ್ಮಲ್ಲಿ ಎಷ್ಟು ಮಂದಿ? ಕಬ್ಬು, ಬತ್ತ, ಬಾಳೆಗಳನ್ನು ದಿನವೂ ಕಾಣುವ ನಾವು ಚಹವನ್ನು ಪುಡಿಯ ರೂಪದಲ್ಲಿ ಮಾತ್ರವೇ ಬಲ್ಲೆವು.

ಸಸ್ಯಶಾಸ್ತ್ರಜ್ಞರು ಈ ಗಿಡಕ್ಕೆ ಕೆಮೆಲಿಯಾ ಸೈನೆನ್ಸಿಸ್ ಎಂದು ಹೆಸರಿಟ್ಟಿರುವರು. ಇದರಲ್ಲಿ ಚೀನದ ಸಣ್ಣೆಲೆಯ ತಳಿ, ಅಸ್ಸಾಮಿನ ದೊಡ್ಡೆಲೆಯ ತಳಿ ಎಂಬ ಎರಡು ಮುಖ್ಯ ಬಗೆಗಳುಂಟು. ಅಸ್ಸಾಮಿನ ಸಿಂಗ್‌ಫೋ ಜನರಿಗೆ ಮೊದಲೇ ತಿಳಿದಿದ್ದ ಈ ಗಿಡವು 1823ರಲ್ಲಿ ರಾಬರ್ಟ್ ಬ್ರೂಸನೆಂಬ ಸ್ಕಾಟ್ಲೆಂಡಿನ ವ್ಯಾಪಾರಿಯ ಕಣ್ಣಿಗೆ ಬಿದ್ದಿತು. ಸುಮ್ಮನೆ ಬಿಟ್ಟರೆ ಇದು ಮರವಾಗಿ ಬೆಳೆಯುವುದು. ತೋಟದವರು ಸವರಿ ಸವರಿ ಸೊಂಟದೆತ್ತರಕ್ಕೆ ನಿಲ್ಲಿಸುತ್ತಾರೆ. ಹುಳಿಗುಣದ ಮಣ್ಣು, ನೀರು ನಿಲ್ಲದ ಇಳಿಜಾರು, ವರ್ಷಕ್ಕೆ ಸುಮಾರು 150 ಸೆಂಟಿಮೀಟರಾದರೂ ಮಳೆ ಇದಕ್ಕೆ ಬೇಕು. ಹೊಸಪೇಟೆಯಲ್ಲಿ ಅದರ ಅರ್ಧದಷ್ಟೂ ಮಳೆ ಬೀಳದು. ಆದಕಾರಣ ಹಂಪಿಯ ಬಂಡೆಗಳ ನಡುವೆ ಕಾಲುವೆಯ ನೀರಿನಿಂದ ಬಾಳೆ ಬೆಳೆಯುವುದೇ ಹೊರತು ಚಹ ಬೆಳೆಯದು. ಅದನ್ನು ನೋಡಬೇಕೆನ್ನುವವರು ಚಿಕ್ಕಮಗಳೂರು, ಕೊಡಗುಗಳ ಮಲೆಗಳಿಗೋ ನೆರೆಯ ನೀಲಗಿರಿಗೋ ಹೋಗಬೇಕು.

ಚಿಗುರಿನ ತುದಿಮೊಗ್ಗನ್ನೂ ಅದರ ಕೆಳಗಿನ ಎರಡು ಎಲೆಗಳನ್ನೂ ಕೊಯ್ಯುವರು. ಈ ಕೆಲಸ ನಡೆಯುವುದು ಬಹುಮಟ್ಟಿಗೆ ಸ್ತ್ರೀಯರ ಕೈಗಳಿಂದಲೇ. ಎಲೆಯನ್ನು ಬಾಡಿಸಿ, ಹೊಸಕಿ, ಗಾಳಿಗೆ ಬಿಟ್ಟರೆ, ಹೆಚ್ಚಿದ ಬದನೆಕಾಯಿಯಂತೆ ಅದು ಕಂದುಬಣ್ಣಕ್ಕೆ ತಿರುಗುವುದು, ಬಳಿಕ ಒಣಗಿಸುವರು. ಕೊಯ್ದ ಎಲೆಯನ್ನು ಬೇಗನೆ ಬಿಸಿಮಾಡಿ ಬಣ್ಣ ತಿರುಗದಂತೆ ತಡೆದರೆ ಅದೇ ಹಸಿರು ಚಹ. ಗಿಡವೊಂದೇ; ಭೇದವೆಲ್ಲ ಸಂಸ್ಕಾರದಲ್ಲಿರುವುದು. 1 ಕಿಲೋ ಪುಡಿಗೆ 4 ಕಿಲೋಗೂ ಮಿಗಿಲಾದ ಹಸಿ ಎಲೆ ಬೇಕು.

ಇನ್ನು ಮುಖ್ಯವಾದೊಂದು ಮಾತು. ಚಹದಲ್ಲಿ ಉಲ್ಲಾಸ ಕೊಡುವ ಕೆಫೀನಿನೊಡನೆ ಒಗರಿನ ಅಂಶವೂ ಉಂಟು. ಹಿಂದಿನವರು ಅಳಲೆಕಾಯಿಯ ಒಗರನ್ನೂ ಕಬ್ಬಿಣದ ಅಂಶವುಳ್ಳ ಅನ್ನಭೇದಿಯನ್ನೂ ಕೂಡಿಸಿ ಮಸಿ ಮಾಡುತ್ತಿದ್ದರು. ಹಾಲು ಹಾಕದ ಚಹದಲ್ಲಿ ತುಕ್ಕು ಹಿಡಿದ ಮೊಳೆಯನ್ನು ಒಂದು ರಾತ್ರಿ ಇಟ್ಟು ನೋಡಿರಿ. ಅದೂ ಮಸಿಯಂತೆ ಕಪ್ಪಾಗುವುದು. ಹೀಗೆಯೇ ಊಟದೊಡನೆ ಕುಡಿದ ಚಹವು ಕಾಳು ಸೊಪ್ಪುಗಳಲ್ಲಿರುವ ಕಬ್ಬಿಣವನ್ನು ಹಿಡಿದುಕೊಂಡು, ಅದು ರಕ್ತಕ್ಕೆ ಸೇರದಂತೆ ಬಹುಮಟ್ಟಿಗೆ ತಡೆಯುತ್ತದೆ.

ಬೆಳಗಿನ ಪ್ರಾರ್ಥನೆಯ ಹೊತ್ತಿನಲ್ಲಿ ತಲೆ ಸುತ್ತಿ ಕುಳಿತ ಹುಡುಗಿಯನ್ನು “ಏನು ತಿಂದು ಬಂದೆ, ಮಗು?” ಎಂದು ಕೇಳಿದಾಗ, “ಚಾ ಕುಡಿದು ಬಂದೀನ್ರಿ, ಟೀಚರ್” ಎಂಬ ಉತ್ತರವನ್ನು ಎಷ್ಟೋ ಸಲ ಕೇಳಿದ್ದೇನೆ. ಚಹವು ಹಸಿವನ್ನು ಮರೆಯಿಸುವುದಲ್ಲದೆ ನೀಗಿಸುವುದಿಲ್ಲ. ಸಂಡೂರಿನ ಬೆಟ್ಟಗಳ ತುಂಬ ಕಬ್ಬಿಣದ ಅದಿರಿರುವ ಈ ಸೀಮೆಯಲ್ಲಿ ನಮ್ಮ ಹೆಣ್ಣುಮಕ್ಕಳ ರಕ್ತದಲ್ಲಿಯೇ ಕಬ್ಬಿಣ ಸಾಲದಿರುವುದು ಎಂಥ ದುಃಖದ ಸಂಗತಿ!

ಚಹವನ್ನು ಬಿಡಿರೆಂದು ನಾನು ಹೇಳುವುದಿಲ್ಲ. ಬಂದವರಿಗೆ ಒಂದು ಬಟ್ಟಲು ಚಹ ಕೊಡುವುದು ನಮ್ಮ ಮರ್ಯಾದೆಯಾಗಿದೆ. ಆದರೆ ಮೊದಲು ರೊಟ್ಟಿಯೋ ಮುದ್ದೆಯೋ ಸೊಪ್ಪಿನ ಪಲ್ಯದೊಡನೆ ಹೊಟ್ಟೆಗೆ ಬೀಳಲಿ. ಜೊತೆಗೆ ನಿಂಬೆಯ ರಸವಾಗಲಿ ನೆಲ್ಲಿಕಾಯಾಗಲಿ ಇದ್ದರೆ ಕಬ್ಬಿಣವು ರಕ್ತಕ್ಕೆ ಸುಲಭವಾಗಿ ಸೇರುವುದು. ಊಟವಾಗಿ ಒಂದು ತಾಸಾದರೂ ಕಳೆದ ಮೇಲೆ ಚಹ ಕುಡಿಯಿರಿ. ಈ ಮಾತನ್ನು ಇಂದೇ ನಿಮ್ಮ ತಾಯಂದಿರಿಗೂ ತಿಳಿಸಿರಿ. ಮನೆಮಂದಿಗೆಲ್ಲ ಬಡಿಸಿ ತಾವು ಬರಿಯ ಚಹದಲ್ಲಿ ತೃಪ್ತರಾಗುವವರು ಹೆಚ್ಚಾಗಿ ಅವರೇ.