1.3 ಮಿಲಿಮೀಟರಿನ ಎಡವಟ್ಟು

ಮಳೆ ನಿಂತ ಮೇಲೆ ರಸ್ತೆಯ ನೀರಿಗೆ ಪೆಟ್ರೋಲ್ ಬಿದ್ದರೆ ಬಣ್ಣದ ಸುರುಳಿ ಏಳುತ್ತದಲ್ಲ, ದೂರದರ್ಶಕದ ಕನ್ನಡಿಯನ್ನು ಅಳೆಯುವುದೂ ಅದೇ ಆಟದಿಂದ. ಎರಡು ದಾರಿ ಹಿಡಿದು ಬಂದ ಬೆಳಕಿನ ಅಲೆಗಳು ಸೇರುವಾಗ ಏರಿಗೆ ಏರು ಕೂಡಿದರೆ ಬೆಳಕು, ಏರಿಗೆ ಇಳಿವು ಸಿಕ್ಕರೆ ಕತ್ತಲು. ಹೀಗೆ ಅಳೆಯುವ ಉಪಕರಣವಾದ ಇಂಟರ್‌ಫೆರೋಮೀಟರಿನಲ್ಲಿ ಇದು ಕಪ್ಪು-ಬಿಳುಪು ಪಟ್ಟಿಗಳಾಗಿ ಮೂಡುತ್ತದೆ. ಹೀಲಿಯಂ-ನಿಯಾನ್ ಲೇಸರಿನ ಕೆಂಪು ಬೆಳಕಿನ ಅಲೆಯುದ್ದ 633 ನ್ಯಾನೋಮೀಟರ್. ಬೆಳಕು ಹೋಗಿ ಬರಬೇಕಾದ್ದರಿಂದ, ಕನ್ನಡಿ ಅದರ ಅರ್ಧದಷ್ಟು ಉಬ್ಬಿದ್ದರೂ ಸಾಕು, ಅಲ್ಲಿ ಪಟ್ಟಿ ತನ್ನ ಪಕ್ಕದ ಪಟ್ಟಿಯ ಜಾಗಕ್ಕೇ ಸರಿದುಬಿಡುತ್ತದೆ.

ಗೋಳದ ತುಂಡಿನಂಥ ಕನ್ನಡಿಗಾದರೆ ಇಷ್ಟೇ ಸಾಕು. ಆದರೆ ಹಬಲ್ ಬಾಹ್ಯಾಕಾಶ ದೂರದರ್ಶಕದ 2.4 ಮೀಟರ್ ಕನ್ನಡಿಯ ಬಾಗು ಹೈಪರ್ಬೋಲಾದ್ದು. ನೇರವಾಗಿ ಅಳೆದರೆ ಪಟ್ಟಿಗಳು ಗಿಜಿಗುಟ್ಟಿ ಓದಲಾಗುವುದಿಲ್ಲ. ಅದಕ್ಕೇ ನಡುವೆ 'ನಲ್ ಕರೆಕ್ಟರ್' ಇಡುತ್ತಾರೆ. ಅದು ಬೆಳಕನ್ನು ಬೇಕೆಂದೇ ಸೊಟ್ಟ ಮಾಡಿ ಕಳಿಸುತ್ತದೆ. ಕನ್ನಡಿ ಸರಿಯಿದ್ದರೆ ಸೊಟ್ಟ ನೆಟ್ಟಗಾಗಿ, ಪಟ್ಟಿಗಳು ಬಾಚಿದ ಕೂದಲಿನಂತೆ ನೇರ. ಅಂದರೆ 'ಸರಿ' ಯಾವುದೆಂದು ಹೇಳುವುದು ಈ ಉಪಕರಣವೇ.

ಅಮೆರಿಕದ ಡ್ಯಾನ್‌ಬರಿಯಲ್ಲಿ, ಹಬಲ್ ಕನ್ನಡಿ ತಯಾರಿಸಿದ ಪರ್ಕಿನ್-ಎಲ್ಮರ್ ಕಂಪನಿಯಲ್ಲಿ ಅದೇ ಕೆಟ್ಟಿತ್ತು. ಅದರೊಳಗಿನ ಮಸೂರದ ದೂರವನ್ನು ಗೊತ್ತುಮಾಡಲು ಲೋಹದ ಕೋಲಿತ್ತು. ಕೋಲಿನ ಟೋಪಿಯ ಸಣ್ಣ ತೂತಿನೊಳಗೆ ಹಾದು ಲೇಸರ್ ಕೋಲಿನ ತುದಿಗೆ ಬಡಿಯಬೇಕು. ಟೋಪಿಯ ಮೇಲಿನ ಬಣ್ಣ ಒಂದೆಡೆ ಎದ್ದಿತ್ತು. ಬೆಳಕು ಅಲ್ಲಿಂದಲೇ ತಿರುಗಿತು. ಮಸೂರ 1.3 ಮಿಲಿಮೀಟರ್ ತಪ್ಪಾಗಿ ಕೂತಿತು. ಅಷ್ಟು ಸರಿಸಲು ಜಾಗ ಸಾಲದೆ ವಾಷರ್ ತುರುಕಿದರಂತೆ! ನಮ್ಮ ಗ್ಯಾರೇಜಿನವರೂ ಅಲ್ಲೊಮ್ಮೆ ತಲೆ ಕೆರೆದುಕೊಳ್ಳುತ್ತಿದ್ದರು.

ಕನ್ನಡಿ ಉಜ್ಜಿದವರ ಕೈ ತಪ್ಪಲಿಲ್ಲ. ಉಪಕರಣ ಕೇಳಿದ ಆಕಾರವನ್ನೇ ಅಪೂರ್ವ ನಯದಿಂದ ತಂದರು. ಅಂಚು ಮಾತ್ರ ಬೇಕಾದ್ದಕ್ಕಿಂತ 2.2 ಮೈಕ್ರಾನ್ ಚಪ್ಪಟೆ. ನನಗೆ ಹೊಟ್ಟೆ ಉರಿಯುವುದು ಮುಂದಿನ ಸಂಗತಿಗೆ. ಬೇರೆ ಎರಡು ಪರೀಕ್ಷೆಗಳಲ್ಲಿ ಪಟ್ಟಿಗಳು ಬಾಗಿ ಕಂಡಿದ್ದವು. ಆ ಉಪಕರಣಗಳು ಇಷ್ಟು ನಿಖರವಲ್ಲ ಎಂದು ಅವುಗಳ ಸಾಕ್ಷಿಯನ್ನು ತಳ್ಳಿಹಾಕಿದರು.

1990ರ ಏಪ್ರಿಲ್‌ನಲ್ಲಿ ಹಾರಿದ ಹಬಲ್ ಕಳಿಸಿದ ಚಿತ್ರಗಳಲ್ಲಿ ನಕ್ಷತ್ರಗಳ ಸುತ್ತ ಮಬ್ಬು ಕವಿದಿತ್ತು. ತನಿಖಾ ಸಮಿತಿ ಡ್ಯಾನ್‌ಬರಿಗೆ ಹೋದಾಗ ನಲ್ ಕರೆಕ್ಟರ್ ಇದ್ದ ಹಾಗೇ ಇತ್ತು. ಅಳೆದರು, ತಪ್ಪಿನ ಲೆಕ್ಕ ಸಿಕ್ಕಿತು. ಆ ಲೆಕ್ಕಕ್ಕೇ ಹೊಂದುವ ಪುಟ್ಟ ಕನ್ನಡಿಗಳನ್ನು 1993ರ ಡಿಸೆಂಬರಿನಲ್ಲಿ ಗಗನಯಾತ್ರಿಗಳು ಜೋಡಿಸಿ ಬಂದರು. ಕೊಡಕ್ ಕಂಪನಿ ಬದಲಿಗೆಂದು ತಯಾರಿಸಿದ್ದ ಇನ್ನೊಂದು ಕನ್ನಡಿ ಹಾರಲೇ ಇಲ್ಲ. ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯದ ಪಾಲಾಯಿತು.