ಹಲ್ಲಿಗೂ ಉಂಟು ಕರೋಷನ್

ಬಿಇಯಲ್ಲಿ ಯಾವ ಬ್ರಾಂಚ್ ತೆಗೆದುಕೊಂಡರೂ ಕೆಮಿಸ್ಟ್ರಿ ಓದದೆ ವಿಧಿಯಿಲ್ಲ. ಅದರಲ್ಲಿ ಕರೋಷನ್ ಅಂತ ಒಂದು ಪಾಠ. ಕಬ್ಬಿಣಕ್ಕೆ ತುಕ್ಕು ಹೇಗೆ ಹಿಡಿಯುತ್ತದೆ, ಸೇತುವೆಗೆ ಬಣ್ಣ ಯಾಕೆ ಬಳಿಯುತ್ತಾರೆ, ತಗಡಿಗೆ ಸತುವಿನ ಲೇಪ ಯಾಕೆ ಕೊಡುತ್ತಾರೆ ಎಂದು ಪುಟಗಟ್ಟಲೆ ಬರೆಯುತ್ತೇವೆ. ಬರೆದು ಹೊರಗೆ ಬಂದವರು ಕಾಲೇಜು ಗೇಟಿನ ಅಂಗಡಿಯಲ್ಲಿ ತಣ್ಣನೆಯ ಕೋಲಾ ಹಿಡಿದು, ಪೇಪರ್ ಹೇಗಿತ್ತು ಎಂದು ಮಾತಾಡುತ್ತಾ ಅರ್ಧ ಗಂಟೆ ಗುಟುಕರಿಸುತ್ತೇವೆ. ಆ ಅರ್ಧ ಗಂಟೆಯಲ್ಲಿ ಹೆಚ್ಚು ಕಡಿಮೆ ಅದೇ ಪಾಠದ ಪ್ರಾಕ್ಟಿಕಲ್ ನಮ್ಮ ಬಾಯೊಳಗೇ ನಡೆಯುತ್ತಿರುತ್ತದೆ!

ತುಕ್ಕಿನ ರಸಾಯನ ಕ್ರಿಯೆ ಬೇರೆ, ಹಲ್ಲಿನದು ಬೇರೆ ನಿಜ. ಆದರೆ ಕಥೆ ಒಂದೇ: ಹೊರಗಿನ ಕವಚ ನಿಧಾನವಾಗಿ ಕರಗುತ್ತದೆ, ಕಣ್ಣಿಗೆ ಬೀಳುವಷ್ಟರಲ್ಲಿ ತಡವಾಗಿರುತ್ತದೆ. ಒಂದೇ ವ್ಯತ್ಯಾಸವೆಂದರೆ, ಸೇತುವೆಗೆ ಮತ್ತೆ ಬಣ್ಣ ಹೊಡೆಯಬಹುದು. ಹಲ್ಲಿನ ಎನಾಮಲ್ ಒಮ್ಮೆ ಹೋದರೆ ಮತ್ತೆ ಬೆಳೆಯುವುದಿಲ್ಲ.

ಗಟ್ಟಿ, ಆದರೆ ಜೀವವಿಲ್ಲ

ನಮ್ಮ ದೇಹದಲ್ಲಿ ಅತ್ಯಂತ ಗಟ್ಟಿಯಾದ ವಸ್ತು ಯಾವುದು ಎಂದರೆ ಬಹಳ ಮಂದಿ ಮೂಳೆ ಎನ್ನುತ್ತಾರೆ. ಅಲ್ಲ, ಅದು ಎನಾಮಲ್. ತೂಕದ ಲೆಕ್ಕದಲ್ಲಿ ಸುಮಾರು ಶೇ 96ರಷ್ಟು ಖನಿಜ. ಮುಖ್ಯವಾಗಿ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಸೇರಿದ ಹೈಡ್ರಾಕ್ಸಿಅಪಟೈಟ್ ಎಂಬ ಹರಳು. ಅಗೆಯುವ ಭಾಗದಲ್ಲಿ ಇದರ ದಪ್ಪ ಹೆಚ್ಚೆಂದರೆ ಎರಡೂವರೆ ಮಿಲಿಮೀಟರ್. ಒಸಡಿನ ಹತ್ತಿರ ಬರಬರುತ್ತಾ ತೀರಾ ತೆಳುವಾಗುತ್ತದೆ.

ಮೂಳೆ ಮುರಿದರೆ ಕೂಡಿಕೊಳ್ಳುತ್ತದೆ, ಚರ್ಮ ಗಾಯವಾದರೆ ಮಾಯುತ್ತದೆ. ಅಲ್ಲೆಲ್ಲ ಜೀವಕೋಶಗಳಿವೆ. ಎನಾಮಲ್ ಅನ್ನು ಕಟ್ಟಿದ ಜೀವಕೋಶಗಳು ಹಲ್ಲು ಒಸಡಿನಿಂದ ಹೊರಬರುವ ಹೊತ್ತಿಗೇ ಕೆಲಸ ಮುಗಿಸಿ ಇಲ್ಲವಾಗುತ್ತವೆ. ಅಂದರೆ ಕಟ್ಟಡ ಮುಗಿದ ಮೇಲೆ ಕಂಟ್ರಾಕ್ಟರ್ ಊರು ಬಿಟ್ಟ ಹಾಗೆ! ಆರು ವರ್ಷದಿಂದಾಚೆ ಹುಟ್ಟಿದ ಈ ಶಾಶ್ವತ ಹಲ್ಲುಗಳನ್ನೇ ನಾವು ಎಪ್ಪತ್ತು-ಎಂಬತ್ತು ವರ್ಷದವರೆಗೆ ಬಾಳಿಸಬೇಕು.

ಹುಳುಕು ಬೇರೆ, ಸವೆತ ಬೇರೆ

‘ನಾನು ಚಾಕೊಲೇಟ್ ತಿನ್ನಲ್ಲ, ಎರಡು ಹೊತ್ತು ಬ್ರಷ್ ಮಾಡ್ತೀನಿ, ನನಗೇನೂ ಆಗಲ್ಲ’ ಎನ್ನುವವರು ಇಲ್ಲಿ ಸ್ವಲ್ಪ ಗಮನಿಸಿ. ಹುಳುಕು ಬರುವುದು ಬ್ಯಾಕ್ಟೀರಿಯಾದಿಂದ. ನಾವು ತಿಂದ ಸಕ್ಕರೆಯನ್ನು ಅವು ಆಮ್ಲವಾಗಿಸಿ ಒಂದೊಂದು ಜಾಗದಲ್ಲಿ ಗುಂಡಿ ತೋಡುತ್ತವೆ. ಎನಾಮಲ್ ಸವೆತಕ್ಕೆ ಬ್ಯಾಕ್ಟೀರಿಯಾ ಬೇಕಿಲ್ಲ. ನಾವೇ ನೇರವಾಗಿ ಬಾಯಿಗೆ ಆಮ್ಲ ಹಾಕಿಕೊಳ್ಳುತ್ತೇವೆ. ಅದು ಹಲ್ಲಿನ ಇಡೀ ಮೇಲ್ಮೈಯನ್ನು ತೊಳೆದಂತೆ ಕರಗಿಸುತ್ತದೆ. ಹಾಗಾಗಿ ‘ಶುಗರ್ ಫ್ರೀ’ ಎಂದು ಬರೆದ ಕೋಲಾ ಹುಳುಕಿನ ಭಯ ಕಡಿಮೆ ಮಾಡೀತು, ಸವೆತದ ಭಯವನ್ನಲ್ಲ. ಸಕ್ಕರೆ ತೆಗೆದರೂ ಅದರೊಳಗಿನ ಫಾಸ್ಫಾರಿಕ್ ಆಮ್ಲ ಅಲ್ಲೇ ಇರುತ್ತದೆ.

ಇಲ್ಲಿ ಒಂದು ಸಂಖ್ಯೆ ನೆನಪಿಡಿ: 5.5. ಬಾಯಿಯ ಪಿಎಚ್ ಸುಮಾರು ಇದಕ್ಕಿಂತ ಕೆಳಗಿಳಿದರೆ ಎನಾಮಲ್ ಕರಗಲು ಶುರುವಾಗುತ್ತದೆ. ಕೋಲಾದ ಪಿಎಚ್ ಸುಮಾರು 2.5. ನಿಂಬೆರಸದ್ದು 2ರಿಂದ 2.5. ಎನರ್ಜಿ ಡ್ರಿಂಕ್‌ಗಳದ್ದು ಸಾಮಾನ್ಯವಾಗಿ 3ರ ಆಸುಪಾಸು. ಪಿಎಚ್ ಅಳತೆಯಲ್ಲಿ ಒಂದು ಅಂಕಿ ಇಳಿದರೆ ಆಮ್ಲದ ತೀವ್ರತೆ ಹತ್ತು ಪಟ್ಟು ಏರುತ್ತದೆ ಎಂಬುದನ್ನು ಪಿಯುಸಿಯಲ್ಲೇ ಓದಿದ್ದೇವೆ. 5.5ರಿಂದ 2.5 ಅಂದರೆ ಸಾವಿರ ಪಟ್ಟು!

ಆದರೆ ಪಿಎಚ್ ಒಂದೇ ಎಲ್ಲವನ್ನೂ ಹೇಳುವುದಿಲ್ಲ. ಮೊಸರೂ ಹುಳಿಯೇ, ಅದರ ಪಿಎಚ್ 4ರಿಂದ 4.5ರ ಸುಮಾರು. ಆದರೂ ಮೊಸರನ್ನದಿಂದ ಹಲ್ಲು ಸವೆಯುವ ಭಯವಿಲ್ಲ. ಕಾರಣ, ಮೊಸರಿನಲ್ಲೇ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ತುಂಬಿವೆ, ಹಲ್ಲಿನಿಂದ ಕಿತ್ತುಕೊಳ್ಳುವ ಅಗತ್ಯ ಅದಕ್ಕಿಲ್ಲ. ನಿಂಬೆ-ಕಿತ್ತಳೆಯ ಸಿಟ್ರಿಕ್ ಆಮ್ಲ ಇದಕ್ಕೆ ತದ್ವಿರುದ್ಧ. ಅದು ಕ್ಯಾಲ್ಸಿಯಂ ಅನ್ನು ಹಿಡಿದು ಎಳೆದುಕೊಳ್ಳುತ್ತದೆ.

ಎಷ್ಟು ಅಲ್ಲ, ಎಷ್ಟು ಹೊತ್ತು

ನಮ್ಮ ಹಾಸ್ಟೆಲ್‌ನಲ್ಲಿ ಫೈನಲ್ ಇಯರ್‌ನ ಒಬ್ಬ ಅಣ್ಣ ಇದ್ದರು. ಪ್ಲೇಸ್‌ಮೆಂಟ್ ಸೀಸನ್. ರಾತ್ರಿ ಹನ್ನೊಂದಕ್ಕೆ ಒಂದು ಎನರ್ಜಿ ಡ್ರಿಂಕ್ ತೆರೆದು ಲ್ಯಾಪ್‌ಟಾಪ್ ಪಕ್ಕ ಇಟ್ಟರೆ, ಆಪ್ಟಿಟ್ಯೂಡ್ ಲೆಕ್ಕ ಮಾಡುತ್ತಾ ಎರಡು ಗಂಟೆಯವರೆಗೂ ಅದೇ ಒಂದು ಕ್ಯಾನ್. ‘ಒಂದೇ ತಾನೆ ಕುಡಿಯೋದು’ ಎನ್ನುತ್ತಿದ್ದರು. ಕೆಲವು ತಿಂಗಳ ನಂತರ ತಣ್ಣೀರು ಬಾಯಿಗೆ ತಾಗಿದರೂ ಹಲ್ಲು ಜುಂ ಎನ್ನತೊಡಗಿತು. ದಂತವೈದ್ಯರು ಬಾಯಿ ನೋಡಿ ಕೇಳಿದ ಮೊದಲ ಪ್ರಶ್ನೆ, ‘ದಿನಾ ಏನಪ್ಪಾ ಕುಡೀತೀಯ?’ ಎರಡನೆಯದು, ‘ಎಷ್ಟು ಹೊತ್ತು ಕುಡೀತೀಯ?’

ಈ ಎರಡನೆಯ ಪ್ರಶ್ನೆಯಲ್ಲೇ ಎಲ್ಲ ಇದೆ. ಬಾಯಿಗೆ ಆಮ್ಲ ಬಿದ್ದಾಗ ಜೊಲ್ಲು ತಕ್ಷಣ ಕೆಲಸಕ್ಕೆ ಇಳಿಯುತ್ತದೆ. ಆಮ್ಲವನ್ನು ತೊಳೆದು, ಅದರ ಕಾವು ಇಳಿಸಿ, ಮೆತ್ತಗಾದ ಮೇಲ್ಪದರಕ್ಕೆ ಕ್ಯಾಲ್ಸಿಯಂ-ಫಾಸ್ಫೇಟ್ ವಾಪಸು ಕೊಡುತ್ತದೆ. ಆದರೆ ಇದಕ್ಕೆ ಸಮಯ ಬೇಕು. ಒಂದು ಕ್ಯಾನ್ ಅನ್ನು ಐದು ನಿಮಿಷದಲ್ಲಿ ಮುಗಿಸಿದರೆ ಜೊಲ್ಲಿಗೆ ಒಂದು ಯುದ್ಧ. ಹತ್ತು ನಿಮಿಷಕ್ಕೊಂದು ಗುಟುಕಿನಂತೆ ಮೂರು ಗಂಟೆ ಕುಡಿದರೆ ಹದಿನೆಂಟು ಯುದ್ಧ. ಒಂದು ಮುಗಿಯುವ ಮೊದಲೇ ಇನ್ನೊಂದು ಶುರು. ನಿದ್ದೆಯಲ್ಲಂತೂ ಜೊಲ್ಲು ಊರುವುದು ತೀರಾ ಕಡಿಮೆ. ಕುಡಿದು ಹಾಗೇ ಮಲಗಿದರೆ ಕಾವಲಿಗೆ ಯಾರೂ ಇಲ್ಲ.

ಜಿಮ್‌ನಲ್ಲಿ ಬೆವರಿ ಬಾಯಿ ಒಣಗಿದಾಗ ಕುಡಿಯುವ ಸ್ಪೋರ್ಟ್ಸ್ ಡ್ರಿಂಕ್, ಪಾಠ ಕೇಳುತ್ತಾ ಚೀಪುವ ಹುಳಿ ಮಿಠಾಯಿ, ಜಗಿಯುವ ವಿಟಮಿನ್ ಸಿ ಮಾತ್ರೆ, ತೂಕ ಇಳಿಸಲೆಂದು ಖಾಲಿ ಹೊಟ್ಟೆಗೆ ಕುಡಿಯುವ ನಿಂಬೆ ಬಿಸಿನೀರು ಎಲ್ಲವೂ ಇದೇ ಸಾಲಿಗೆ ಸೇರುತ್ತವೆ. ಊಟದ ಜೊತೆಗಿನ ಸಾರು, ಹುಣಸೆ ಗೊಜ್ಜಿಗೆ ಹೆದರಬೇಕಿಲ್ಲ. ಊಟ ಮಾಡುವಾಗ ಜೊಲ್ಲು ಧಾರಾಳವಾಗಿ ಊರುತ್ತದೆ, ಹುಳಿ ಬಾಯಲ್ಲಿ ನಿಲ್ಲುವುದೂ ಇಲ್ಲ.

ಹೊಟ್ಟೆಯಿಂದ ಬರುವ ಆಮ್ಲ

ಕೋಲಾ ಮುಟ್ಟದವರಿಗೂ ಸವೆತ ಬರಬಹುದು. ಮೆಸ್ ಊಟ, ತಡರಾತ್ರಿಯ ಗೋಬಿ ಮಂಚೂರಿ, ಹೊತ್ತಿಲ್ಲದ ಹೊತ್ತಿನ ನಿದ್ದೆಯಿಂದ ‘ಗ್ಯಾಸ್ಟ್ರಿಕ್’ ಎನ್ನುವವರು ನಮ್ಮಲ್ಲಿ ಎಷ್ಟು ಜನ! ಹೊಟ್ಟೆಯ ಆಮ್ಲದ ಪಿಎಚ್ 1ರಿಂದ 2. ಹುಳಿತೇಗಿನ ಜೊತೆ ಅದು ಪದೇಪದೇ ಬಾಯಿಗೆ ಬಂದರೆ ಮೇಲಿನ ಮುಂದಿನ ಹಲ್ಲುಗಳ ಒಳಮೈ ಸವೆಯುತ್ತದೆ. ಕನ್ನಡಿಯಲ್ಲಿ ಇದು ಕಾಣುವುದಿಲ್ಲ.

ತೂಕ ಹೆಚ್ಚುವ ಭಯಕ್ಕೆ ತಿಂದದ್ದನ್ನು ಬೇಕೆಂದೇ ವಾಂತಿ ಮಾಡುವವರಲ್ಲೂ ಇದೇ ಜಾಗ ಸವೆಯುತ್ತದೆ. ಮನೆಯವರಿಗೂ ಗೊತ್ತಿಲ್ಲದ ಈ ಕಷ್ಟವನ್ನು ಎಷ್ಟೋ ಸಲ ಮೊದಲು ಗುರುತಿಸುವುದು ದಂತವೈದ್ಯರೇ. ಇದು ಕೆಟ್ಟ ಚಟವಲ್ಲ, ಚಿಕಿತ್ಸೆ ಇರುವ ಕಾಯಿಲೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಕೆಲಸ ಹುಡುಕುತ್ತಿರುವವರಿಗೆ ಇನ್ನೊಂದು ಮಾತು. ಲೆಡ್-ಆಸಿಡ್ ಬ್ಯಾಟರಿ ತಯಾರಿಕೆ, ಎಲೆಕ್ಟ್ರೋಪ್ಲೇಟಿಂಗ್‌ನಂಥ ಕಡೆ ಗಾಳಿಯಲ್ಲಿ ತೇಲುವ ಆಮ್ಲದ ಹಬೆಯಿಂದ ಕಾರ್ಮಿಕರ ಮುಂದಿನ ಹಲ್ಲು ಸವೆಯುವುದು ವೈದ್ಯಕೀಯದಲ್ಲಿ ಹಳೆಯ ವಿಷಯ. ಅಲ್ಲಿ ಇಂಟರ್ನ್‌ಶಿಪ್ ಅಥವಾ ಟ್ರೈನಿ ಕೆಲಸ ಸಿಕ್ಕಿದರೆ, ಕೊಟ್ಟ ಮಾಸ್ಕ್ ಅನ್ನು ಗಲ್ಲಕ್ಕಿಳಿಸಿ ನಿಲ್ಲಬೇಡಿ.

ಗುರುತಿಸುವುದು ಹೇಗೆ?

ಬೆಳಕಿನಲ್ಲಿ ಕನ್ನಡಿ ಹಿಡಿದು ನೋಡಿ.

– ಹಲ್ಲಿನ ಮೇಲ್ಮೈ ಅತಿಯಾಗಿ ನುಣುಪಾಗಿ, ಅಂಚು ದುಂಡಗಾಗಿದೆಯೇ?

– ಮುಂದಿನ ಹಲ್ಲಿನ ತುದಿ ಗಾಜಿನಂತೆ ಪಾರದರ್ಶಕವಾಗಿದೆಯೇ? ಚಕ್ಕೆ ಎದ್ದಿದೆಯೇ?

– ದವಡೆ ಹಲ್ಲಿನ ಮೇಲೆ ಪುಟ್ಟ ಬಟ್ಟಲಿನಂಥ ತಗ್ಗುಗಳಿವೆಯೇ?

– ಹಳೆಯ ಫಿಲ್ಲಿಂಗ್ ಹಲ್ಲಿಗಿಂತ ಎತ್ತರವಾಗಿ ಎದ್ದು ಕಾಣುತ್ತಿದೆಯೇ? ಫಿಲ್ಲಿಂಗ್ ಬೆಳೆದಿಲ್ಲ, ಸುತ್ತಲಿನ ಹಲ್ಲು ಇಳಿದಿದೆ.

– ಹಲ್ಲು ಹಳದಿಯಾಗುತ್ತಿದೆಯೇ? ಎನಾಮಲ್ ತೆಳುವಾದಷ್ಟೂ ಒಳಗಿನ ಹಳದಿ ಬಣ್ಣದ ಡೆಂಟಿನ್ ಹೊರಗೆ ಕಾಣುತ್ತದೆ.

– ತಣ್ಣಗಿನದು, ಬಿಸಿ, ಸಿಹಿ ತಾಗಿದರೆ ಜುಂ ಎನ್ನುತ್ತದೆಯೇ?

ಈ ಜುಂ ಹಿಂದೆ ಫ್ಲೂಯಿಡ್ ಮೆಕ್ಯಾನಿಕ್ಸ್ ಇದೆ. ಡೆಂಟಿನ್ ತುಂಬ ಅತಿಸಣ್ಣ ಕೊಳವೆಗಳು, ಅದರೊಳಗೆ ದ್ರವ. ಮುಚ್ಚಳದಂತಿದ್ದ ಎನಾಮಲ್ ಹೋದಾಗ ತಣ್ಣನೆಯ ವಸ್ತು ತಾಗಿದ ಕೂಡಲೇ ಆ ದ್ರವ ಚಲಿಸಿ ಒಳಗಿನ ನರವನ್ನು ಕೆಣಕುತ್ತದೆ. ಸ್ವೀಡನ್ನಿನ ವಿಜ್ಞಾನಿ ಮಾರ್ಟಿನ್ ಬ್ರಾನ್‌ಸ್ಟ್ರೋಮ್ 1960ರ ದಶಕದಲ್ಲಿ ಪ್ರಯೋಗಗಳಿಂದ ಗಟ್ಟಿಮಾಡಿದ ಈ ವಿವರಣೆಯನ್ನೇ ಇವತ್ತಿಗೂ ಹೆಚ್ಚಾಗಿ ಒಪ್ಪುತ್ತಾರೆ.

ಕೋಲಾರ, ಪಾವಗಡದಂಥ ಕಡೆ ಬೆಳೆದವರ ಹಲ್ಲಿನ ಕಂದು ಕಲೆ ಮಾತ್ರ ಬೇರೆ ಕಥೆ. ಬಾಲ್ಯದಲ್ಲಿ ಹಲ್ಲು ರೂಪುಗೊಳ್ಳುವಾಗ ಕೊಳವೆಬಾವಿಯ ನೀರಿನ ಅತಿಯಾದ ಫ್ಲೋರೈಡ್‌ನಿಂದ ಬಂದದ್ದು ಅದು, ಸವೆತವಲ್ಲ. ಎರಡಕ್ಕೂ ಒಂದೇ ಮದ್ದು ಹುಡುಕಬೇಡಿ.

ಇಂಟರ್ವ್ಯೂ ಮುಂಚಿನ ನಿಂಬೆ

ಎಲ್ಲಕ್ಕಿಂತ ದೊಡ್ಡ ಅಪಾಯ ಶುರುವಾಗುವುದು ಹಲ್ಲು ಹಳದಿಯಾಯಿತು ಎಂದು ಗೊತ್ತಾದ ಮೇಲೆ. ನಾಳಿದ್ದು ಇಂಟರ್ವ್ಯೂ, ನಕ್ಕರೆ ಹಲ್ಲು ಫಳಫಳ ಹೊಳೆಯಬೇಕು. ಮೊಬೈಲ್ ತೆರೆದರೆ ನಿಂಬೆರಸಕ್ಕೆ ಅಡುಗೆ ಸೋಡಾ ಹಾಕಿ ಉಜ್ಜುವ ವಿಡಿಯೊ, ಇದ್ದಿಲ ಪುಡಿಯ ವಿಡಿಯೊ, ಉಪ್ಪು-ನಿಂಬೆಯ ವಿಡಿಯೊ. ನಿಂಬೆ ಎನಾಮಲ್ ಅನ್ನು ಮೆತ್ತಗಾಗಿಸುತ್ತದೆ, ಪುಡಿ ಅದನ್ನು ಕೆರೆಯುತ್ತದೆ. ಮೇಲಿನ ಕಲೆ ಹೋಗಿ ಎರಡು ದಿನ ಬೆಳ್ಳಗೆ ಕಂಡೀತು. ಆಮೇಲೆ ಎನಾಮಲ್ ಇನ್ನಷ್ಟು ತೆಳುವಾಗಿ, ಹಲ್ಲು ಇನ್ನಷ್ಟು ಹಳದಿ. ಮತ್ತೆ ಉಜ್ಜಬೇಕು ಅನ್ನಿಸುತ್ತದೆ. ಇದು ಮುಗಿಯದ ಲೂಪ್!

ಇದೇ ಕಾರಣಕ್ಕೆ, ಹುಳಿ ಕುಡಿದ ಕೂಡಲೇ ಬ್ರಷ್ ಮಾಡುವುದೂ ಒಳ್ಳೆಯದಲ್ಲ. ಅರ್ಧದಿಂದ ಒಂದು ಗಂಟೆ ಬಿಡಿ.

ಚಿಕಿತ್ಸೆ ಏನು?

ಮೊದಲ ಚಿಕಿತ್ಸೆ ಕಾರಣವನ್ನು ನಿಲ್ಲಿಸುವುದು. ಪಾನೀಯವಾದರೆ ಪಾನೀಯ, ಹುಳಿತೇಗಾದರೆ ಹೊಟ್ಟೆಯ ವೈದ್ಯರು. ಮೆತ್ತಗಾದ ಪದರವಿನ್ನೂ ಉಳಿದಿದ್ದರೆ ಫ್ಲೋರೈಡ್ ಪೇಸ್ಟ್ ಮತ್ತು ದಂತವೈದ್ಯರು ಹಚ್ಚುವ ಫ್ಲೋರೈಡ್ ವಾರ್ನಿಷ್ ಅದನ್ನು ಮತ್ತೆ ಗಟ್ಟಿ ಮಾಡಬಲ್ಲವು. ಜುಂ ಎನ್ನುವುದಕ್ಕೆ ಪೊಟ್ಯಾಶಿಯಂ ನೈಟ್ರೇಟ್ ಇರುವ ಪೇಸ್ಟ್‌ಗಳಿವೆ, ಕೆಲವು ವಾರ ಬಿಡದೆ ಬಳಸಬೇಕು. ಆದರೆ ಕರಗಿಹೋದ ದಪ್ಪವನ್ನು ಯಾವ ಪೇಸ್ಟೂ ತರುವುದಿಲ್ಲ, ಜಾಹೀರಾತು ಏನೇ ಹೇಳಲಿ.

ದಪ್ಪವೇ ಹೋಗಿದ್ದರೆ ಹಲ್ಲಿನ ಬಣ್ಣದ ಕಾಂಪೋಸಿಟ್ ತುಂಬುತ್ತಾರೆ. ಇನ್ನೂ ಹೆಚ್ಚಾದರೆ ವಿನೀರ್ ಅಥವಾ ಕ್ಯಾಪ್. ನರದವರೆಗೆ ಹೋದರೆ ರೂಟ್ ಕೆನಾಲ್. ಮೆಟ್ಟಿಲು ಏರಿದಂತೆ ಖರ್ಚೂ ಏರುತ್ತದೆ. ‘ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ’ ಎಂಬ ಗಾದೆ ನಮ್ಮ ವಯಸ್ಸಿನವರಿಗೇ ಹೇಳಿದಂತಿದೆ. ಈಗ ಹಲ್ಲಿದೆ, ಸಂಬಳವಿಲ್ಲ. ಸಂಬಳ ಬರುವ ಹೊತ್ತಿಗೆ ಅದು ಹಲ್ಲಿಗೇ ಹೋಗುವಂತಾಗಬಾರದು.

ಖಾಸಗಿ ಕ್ಲಿನಿಕ್‌ಗೆ ದುಡ್ಡಿಲ್ಲ ಎಂದು ಸುಮ್ಮನಿರಬೇಡಿ. ಬೆಂಗಳೂರು ಮತ್ತು ಬಳ್ಳಾರಿಯಲ್ಲಿ ಸರ್ಕಾರಿ ದಂತ ಕಾಲೇಜುಗಳಿವೆ. ಬೇರೆ ಊರುಗಳ ದಂತ ಕಾಲೇಜುಗಳ ಹೊರರೋಗಿ ವಿಭಾಗದಲ್ಲೂ ಸಾಮಾನ್ಯವಾಗಿ ಖರ್ಚು ಕಡಿಮೆ. ಅಲ್ಲಿ ನಮ್ಮ ವಯಸ್ಸಿನ ವಿದ್ಯಾರ್ಥಿಗಳೇ ಪ್ರಾಧ್ಯಾಪಕರ ಕಣ್ಗಾವಲಿನಲ್ಲಿ ಚಿಕಿತ್ಸೆ ಕೊಡುತ್ತಾರೆ.

ಇವತ್ತಿನಿಂದಲೇ

ಹುಳಿ ಪಾನೀಯ ಬಿಡಲೇಬೇಕೆಂದಿಲ್ಲ. ಊಟದ ಜೊತೆ ಕುಡಿಯಿರಿ, ಬೇಗ ಮುಗಿಸಿ, ಬಾಯಲ್ಲಿ ಮುಕ್ಕಳಿಸುತ್ತಾ ಕೂರಬೇಡಿ. ಸಾಧ್ಯವಾದರೆ ಸ್ಟ್ರಾ ಬಳಸಿ. ಕುಡಿದ ಮೇಲೆ ನೀರಿನಿಂದ ಬಾಯಿ ಮುಕ್ಕಳಿಸಿ. ವಾಂತಿಯಾದರೆ ಒಂದು ಲೋಟ ನೀರಿಗೆ ಚಿಟಿಕೆ ಅಡುಗೆ ಸೋಡಾ ಹಾಕಿ ಮುಕ್ಕಳಿಸಿ ಉಗಿಯಿರಿ. ಬೆಳಿಗ್ಗೆ ನಿಂಬೆನೀರಿನ ಅಭ್ಯಾಸ ಇರುವವರು ಮೊದಲು ಬ್ರಷ್ ಮಾಡಿ, ಆಮೇಲೆ ಕುಡಿಯಿರಿ. ಮೆದು ಬ್ರಷ್ ಕೊಳ್ಳಿ, ಪಾತ್ರೆ ಉಜ್ಜಿದಂತೆ ಉಜ್ಜಬೇಡಿ. ರಾತ್ರಿ ಬ್ರಷ್ ಆದ ಮೇಲೆ ನೀರು ಬಿಟ್ಟು ಬೇರೇನೂ ಬೇಡ.

ಓದುವ ಮೇಜಿನ ಮೇಲೆ ಕ್ಯಾನ್ ಇರುವ ಜಾಗದಲ್ಲಿ ಒಂದು ನೀರಿನ ಬಾಟಲಿ ಇಟ್ಟರೆ ಅರ್ಧ ಕೆಲಸ ಆದಂತೆ. ಇಷ್ಟೆಲ್ಲ ಮಾಡಿದ ಮೇಲೂ ತಣ್ಣೀರಿಗೆ ಹಲ್ಲು ಜುಂ ಎನ್ನುತ್ತಿದ್ದರೆ ಸೆಮಿಸ್ಟರ್ ಮುಗಿಯಲಿ ಎಂದು ಕಾಯಬೇಡಿ. ಬ್ಯಾಕ್‌ಲಾಗ್ ಆದ ಸಬ್ಜೆಕ್ಟನ್ನು ಮುಂದಿನ ಸಲ ಬರೆದು ಪಾಸಾಗಬಹುದು. ಕರಗಿದ ಎನಾಮಲ್‌ಗೆ ಮರುಪರೀಕ್ಷೆ ಇಲ್ಲ.